ರೈಲು ಹಳಿಯ ಗುಂಟ ಟ್ಯುನಿಷಿಯಾ

2024ರ ಶಾಲಾ ವೇಳಾಪಟ್ಟಿ ಕೈಗೆ ಬಂದ ದಿನ ನಾನು ಮೊದಲು ಹುಡುಕಿದ್ದು ದಸರಾ ರಜೆಯ ದಿನಾಂಕಗಳನ್ನು. ಅಕ್ಟೋಬರ್ 3ರಿಂದ 20ರವರೆಗೆ ರಜೆ ಇತ್ತು. ಮೂರು ವರ್ಷಗಳಿಂದ ಮುಂದೂಡುತ್ತ ಬಂದಿದ್ದ ದೂರದ ಪ್ರವಾಸವನ್ನು ಈ ಸಲ ಮಾಡಿಯೇ ತೀರಬೇಕೆಂದು ಅಂದೇ ರಾತ್ರಿ ಊಟದ ಹೊತ್ತಿನಲ್ಲಿ ನಿರ್ಧಾರವಾಯಿತು. ಆದರೆ ಎಲ್ಲಿಗೆ ಎಂಬ ಪ್ರಶ್ನೆಗೆ ಮನೆಯ ನಾಲ್ವರಲ್ಲಿ ಒಮ್ಮತವಿರಲಿಲ್ಲ. ನಾನು ಹೊನ್ನಾವರದವಳು; ಸಮುದ್ರವಿಲ್ಲದ ರಜೆ ನನಗೆ ರಜೆ ಎನಿಸುವುದಿಲ್ಲ. ನನ್ನ ಪತಿ ಇತಿಹಾಸದ ಅಧ್ಯಾಪಕರು. ಹಂಪಿ, ಐಹೊಳೆಗಳ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದ ಅವರಿಗೆ ಉತ್ತರ ಆಫ್ರಿಕಾದ ಪುರಾತನ ಕಾರ್ಥೇಜ್ ನಗರದ ಅವಶೇಷಗಳನ್ನು ಕಾಣುವ ಆಸೆ ಕಾಲೇಜಿನ ದಿನಗಳಿಂದಲೂ ಇತ್ತು. ಏಳನೆಯ ತರಗತಿಯ ಮಗಳಿಗೆ ಈಜಲು ಬೇಕು. ಗದಗಿನವರಾದ ಅತ್ತೆಗೆ 68 ವರ್ಷ, ಎರಡೂ ಮೊಣಕಾಲುಗಳಲ್ಲಿ ನೋವು, ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರ.

ಉತ್ತರ ಆಫ್ರಿಕಾದ ನಕಾಶೆಯನ್ನು ಹರಡಿಕೊಂಡು ಕೂತಾಗ ನಮ್ಮ ಮುಂದೆ ಮೂರು ದೇಶಗಳಿದ್ದವು. ಈಜಿಪ್ಟಿನಲ್ಲಿ ಪುರಾತನವಾದದ್ದೆಲ್ಲ ನೈಲ್ ನದಿಯ ದಂಡೆಯಲ್ಲಿದೆ, ಈಜುವ ಸಮುದ್ರವೋ ಕೆಂಪು ಸಮುದ್ರದ ಕರಾವಳಿಯಲ್ಲಿದೆ; ಹುರ್ಗದಾದಿಂದ ಲಕ್ಸರ್‌ಗೆ ಮರುಭೂಮಿಯನ್ನು ದಾಟಿ ಸುಮಾರು ನಾಲ್ಕು ತಾಸಿನ ದಾರಿ. ಮೊರಾಕ್ಕೊದ ಫೆಜ್, ಮರಾಕೆಶ್‌ಗಳು ಒಳನಾಡಿನಲ್ಲಿವೆ. ಅಲ್ಲಿನ ಅಟ್ಲಾಂಟಿಕ್ ನೀರು ತಂಪು, ಅಲೆಗಳು ದೊಡ್ಡವು. ಟ್ಯುನಿಷಿಯಾದಲ್ಲಿ ಮಾತ್ರ ಸಮುದ್ರವೂ ಹಳೆಯ ಊರುಗಳೂ ಒಂದರ ಪಕ್ಕದಲ್ಲಿ ಒಂದು ಇದ್ದವು. ಫಿನೀಷಿಯನ್ನರು, ರೋಮನ್ನರು, ಅರಬರು ಎಲ್ಲರೂ ಕರಾವಳಿಯನ್ನೇ ಹಿಡಿದು ಊರು ಕಟ್ಟಿದ ನಾಡು ಅದು. ಎರಡು ಬಯಕೆಗಳ ನಡುವೆ ಒಂದನ್ನು ಬಲಿಕೊಡಬೇಕಾಗಿಲ್ಲವೆಂದು ಗೊತ್ತಾದ ಕ್ಷಣದಲ್ಲೇ ದೇಶ ಯಾವುದೆಂಬುದು ತೀರ್ಮಾನವಾಯಿತು.

ಮೊದಲು ನಾವು ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಯನ್ನು ವಿಚಾರಿಸಿದೆವು. ಅವರು ಕೊಟ್ಟ ಏಳು ದಿನಗಳ ಯೋಜನೆ ಓದಲು ಬಹಳ ಸೊಗಸಾಗಿತ್ತು: ರಾಜಧಾನಿ ಟ್ಯುನಿಸ್, ಕೈರುವಾನ್, ತೋಝರ್, ಶೋತ್ ಎಲ್ ಜೆರಿದ್ ಎಂಬ ಉಪ್ಪಿನ ಸರೋವರ, ಮತ್ಮಾತಾದ ನೆಲದೊಳಗಿನ ಮನೆಗಳು, ಜೆರ್ಬಾ ದ್ವೀಪ, ಮತ್ತೆ ಟ್ಯುನಿಸ್. ನನ್ನ ಪತಿ ಪ್ರತಿಯೊಂದು ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಕಿಲೋಮೀಟರ್ ಬರೆಯುತ್ತ ಹೋದರು. ಟ್ಯುನಿಸ್‌ನಿಂದ ತೋಝರ್‌ಗೇ 400 ಕಿಲೋಮೀಟರ್‌ಗೂ ಹೆಚ್ಚು. ಏಳು ದಿನಗಳಲ್ಲಿ ಐದು ದಿನ ವಾಹನದಲ್ಲೇ ಕಳೆಯಬೇಕಿತ್ತು; ಸಮುದ್ರಕ್ಕೆಂದು ಉಳಿಯುತ್ತಿದ್ದದ್ದು ಜೆರ್ಬಾದಲ್ಲಿ ಒಂದು ಮಧ್ಯಾಹ್ನ. ಹಾಳೆಯನ್ನು ಅತ್ತೆಗೆ ಓದಿ ಹೇಳಿದೆ. "ಇಷ್ಟೆಲ್ಲಾ ನೋಡೂದಂದ್ರ ಬರೇ ಗಾಡ್ಯಾಗ ಕುಂತು ಬರೂದಾತಲ್ಲವ್ವಾ, ನನ್ನ ಮೊಣಕಾಲು ಕೇಳಬೇಕಲ್ಲ" ಎಂದರು. ಅವರ ಮಾತು ಸರಿಯಾಗಿತ್ತು.

ಹೀಗಾಗಿ ನಾವು ಮಾಡಿದ ಮೊದಲ ದೊಡ್ಡ ನಿರ್ಧಾರವೆಂದರೆ ಮರುಭೂಮಿಯನ್ನು ಕೈಬಿಟ್ಟದ್ದು. ಇದು ಸುಲಭವಾಗಿರಲಿಲ್ಲವೆಂದು ಹೇಳಲೇಬೇಕು. ಬೆಳಗಿನ ಬಿಸಿಲಿಗೆ ಗುಲಾಬಿ ಬಣ್ಣಕ್ಕೆ ತಿರುಗುವ ಶೋತ್ ಎಲ್ ಜೆರಿದ್‌ನ ಉಪ್ಪಿನ ಬಯಲಿನ ಚಿತ್ರವನ್ನು ಮಗಳು ತನ್ನ ಓದುವ ಮೇಜಿನ ಮೇಲೆ ಅಂಟಿಸಿಕೊಂಡಿದ್ದಳು. ತೋಝರ್‌ನ ಖರ್ಜೂರದ ತೋಪುಗಳಲ್ಲಿ ಅಕ್ಟೋಬರ್ ಎಂದರೆ ಕೊಯ್ಲಿನ ಕಾಲ. ಎರಡು ವಾರ ನಾವು ಅದನ್ನು ಹೇಗಾದರೂ ಸೇರಿಸಲು ಒದ್ದಾಡಿದೆವು. ಪ್ರತಿ ಸಲವೂ ಒಂದೇ ಲೆಕ್ಕ ಎದುರಾಗುತ್ತಿತ್ತು: ದಕ್ಷಿಣಕ್ಕೆ ಹೋಗಿ ಬರಲು ಕನಿಷ್ಠ ನಾಲ್ಕು ದಿನ, ಮತ್ತು ಆ ನಾಲ್ಕು ದಿನ ಬರುತ್ತಿದ್ದದ್ದು ಸಮುದ್ರದ ಪಾಲಿನಿಂದ. ಕೊನೆಗೆ ಮಗಳೇ ಚಿತ್ರವನ್ನು ತೆಗೆದು ಪುಸ್ತಕದೊಳಗಿಟ್ಟು, "ಇನ್ನೊಂದು ಸಲಕ್ಕೆ ಇರಲಿ" ಎಂದಳು. ಆಮೇಲೆಯೇ ಯೋಜನೆಗೆ ಒಂದು ರೂಪ ಬಂತು.

ಆ ರೂಪವನ್ನು ಕೊಟ್ಟದ್ದು ರೈಲು ಹಳಿ. ಟ್ಯುನಿಸ್‌ನಿಂದ ದಕ್ಷಿಣಕ್ಕೆ ಸ್ಫಾಕ್ಸ್ ಕಡೆಗೆ ಹೋಗುವ ಮುಖ್ಯ ಮಾರ್ಗ ಸುಮಾರು 140 ಕಿಲೋಮೀಟರ್ ದೂರದ ಸೂಸ್ ನಗರವನ್ನು ಹಾದು, ಅಲ್ಲಿಂದ ಮುಂದೆ ರೋಮನ್ ಕಾಲದ ಬೃಹತ್ ಬಯಲು ರಂಗಮಂದಿರವಿರುವ ಎಲ್ ಜೆಮ್ ಊರನ್ನು ಮುಟ್ಟುತ್ತದೆ. ಸೂಸ್‌ನಿಂದಲೇ ಇನ್ನೊಂದು ಸಣ್ಣ ರೈಲು ಕರಾವಳಿಯ ಗುಂಟ ಮೊನಾಸ್ತಿರ್ ಮತ್ತು ಮಹ್ದಿಯಾಗಳಿಗೆ ಹೋಗುತ್ತದೆ; ಇದಕ್ಕೆ ಸಾಹೇಲ್ ಮೆಟ್ರೊ ಎನ್ನುತ್ತಾರೆ. ಟ್ಯುನಿಸ್‌ನಿಂದ ಕಾರ್ಥೇಜ್‌ಗೆ ಹೋಗಲು 1872ರಲ್ಲಿ ಆರಂಭವಾದ ಹಳೆಯ ಸ್ಥಳೀಯ ರೈಲೊಂದಿದೆ. ಟ್ಯುನಿಸ್‌ನ ಮದೀನಾ ಎಂಬ ಗೋಡೆಯೊಳಗಿನ ಹಳೆಯ ಊರು, ಕಾರ್ಥೇಜ್, ಎಲ್ ಜೆಮ್ ಈ ಮೂರೂ 1979ರಲ್ಲಿ, ಸೂಸ್ ಮತ್ತು ಕೈರುವಾನ್ 1988ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕೈರುವಾನ್ ಒಂದನ್ನು ಬಿಟ್ಟರೆ ಉಳಿದೆಲ್ಲವೂ ನಮಗೆ ರೈಲಿನಲ್ಲೇ ಸಿಗುತ್ತಿದ್ದವು. ಕೈರುವಾನ್ ಸೂಸ್‌ನಿಂದ ರಸ್ತೆಯಲ್ಲಿ ಒಂದು ತಾಸು. ಎರಡೇ ಕಡೆ ತಂಗುವುದು, ಪೆಟ್ಟಿಗೆಯನ್ನು ಒಂದೇ ಸಲ ಕಟ್ಟಿ ಬಿಚ್ಚುವುದು, ಕಾರನ್ನು ಬಾಡಿಗೆಗೆ ತೆಗೆದುಕೊಳ್ಳದಿರುವುದು ಎಂದು ತೀರ್ಮಾನಿಸಿದೆವು. ಮೊದಲ ಮೂರು ರಾತ್ರಿ ಕಾರ್ಥೇಜ್‌ನ ನೆರೆಯ ಸೀದಿ ಬೂ ಸಯೀದ್‌ನಲ್ಲಿ, ಮುಂದಿನ ಆರು ರಾತ್ರಿ ಸೂಸ್‌ನ ಸಮುದ್ರ ತೀರದಲ್ಲಿ.

ದಿನಾಂಕಗಳನ್ನು ಜೋಡಿಸುವುದು ನಾನು ಎಣಿಸಿದ್ದಕ್ಕಿಂತ ಸೂಕ್ಷ್ಮವಾದ ಕೆಲಸವಾಯಿತು. ಅಕ್ಟೋಬರ್ 6ರ ಭಾನುವಾರ ಅಲ್ಲಿ ಅಧ್ಯಕ್ಷೀಯ ಚುನಾವಣೆ ಇತ್ತು. ಅದು ಮುಗಿದ ಮೇಲೆ ತಲುಪುವುದು ಒಳ್ಳೆಯದೆಂದು 9ರ ಬುಧವಾರಕ್ಕೆ ವಿಮಾನ ಕಾಯ್ದಿರಿಸಿದೆವು. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಕೊಲ್ಲಿಯ ಒಂದು ನಗರದಲ್ಲಿ ಇಳಿದು ಹತ್ತಬೇಕು, ಮತ್ತು ಆ ನಡುವಿನ ಕಾಯುವಿಕೆ ಮೂರು ತಾಸಿಗಿಂತ ಕಡಿಮೆಯಿರಬಾರದೆಂದು ಅತ್ತೆಯ ನಡಿಗೆಯನ್ನು ನೆನೆದು ನಿಶ್ಚಯಿಸಿಕೊಂಡಿದ್ದೆ. ನಮ್ಮ ಮೊದಲ ಕರಡಿನಲ್ಲಿ ಟ್ಯುನಿಸ್‌ನ ಬಾರ್ದೊ ವಸ್ತುಸಂಗ್ರಹಾಲಯಕ್ಕೆ ಇಟ್ಟಿದ್ದ ದಿನ ಸೋಮವಾರ. ಸೋಮವಾರ ಅದು ಮುಚ್ಚಿರುತ್ತದೆ ಎಂಬುದನ್ನು ಕಂಡುಹಿಡಿದವಳು ಮಗಳು. 2021ರಲ್ಲಿ ಮುಚ್ಚಿ 2023ರ ಸೆಪ್ಟೆಂಬರ್‌ನಲ್ಲಷ್ಟೇ ಮತ್ತೆ ತೆರೆದಿದ್ದ ಆ ಸಂಗ್ರಹಾಲಯವನ್ನು ಬಾಗಿಲಿನ ಹೊರಗಿನಿಂದ ನೋಡಿ ಬರಬೇಕಾಗಿದ್ದರೆ ನನ್ನ ಪತಿಗೆ ಆಗುತ್ತಿದ್ದ ನಿರಾಸೆಯನ್ನು ನಾನು ಊಹಿಸಬಲ್ಲೆ. ಅಕ್ಟೋಬರ್ 15 ಅಲ್ಲಿ ರಾಷ್ಟ್ರೀಯ ರಜೆ. 1963ರಲ್ಲಿ ಫ್ರೆಂಚ್ ಸೇನೆಯ ಕೊನೆಯ ತುಕಡಿ ಬಿಜೆರ್ತ್ ನೌಕಾನೆಲೆಯನ್ನು ಬಿಟ್ಟುಹೋದ ದಿನ. ಆ ದಿನ ಬ್ಯಾಂಕುಗಳು ತೆರೆಯುವುದಿಲ್ಲ. ಆದ್ದರಿಂದ ಅದನ್ನು ಪೂರ್ತಿಯಾಗಿ ಸಮುದ್ರಕ್ಕೆ ಬಿಟ್ಟುಕೊಟ್ಟೆ. ಕೈರುವಾನ್‌ನ ಮಹಾ ಮಸೀದಿಗೆ ಶುಕ್ರವಾರ ಹೋಗುವುದು ಯುಕ್ತವಲ್ಲವೆಂದು ಬುಧವಾರ ಇಟ್ಟೆವು.

ಸಮುದ್ರದ ವಿಷಯದಲ್ಲಿ ನಾನು ಯಾರ ಮಾತನ್ನೂ ಸುಮ್ಮನೆ ನಂಬುವವಳಲ್ಲ. ಅಕ್ಟೋಬರ್‌ನಲ್ಲಿ ನೀರು ಎಷ್ಟು ಬೆಚ್ಚಗಿರುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. ಮೆಡಿಟರೇನಿಯನ್ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಹೀಗಾಗಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊರೆಯುವ ಅದೇ ನೀರು ಅಕ್ಟೋಬರ್‌ನಲ್ಲಿ 23 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಜುಲೈ, ಆಗಸ್ಟ್‌ನ ಉರಿಯೂ ಜನಸಂದಣಿಯೂ ಇರುವುದಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಶರತ್ಕಾಲದ ಮಳೆ ಆ ಹೊತ್ತಿಗೆ ಆರಂಭವಾಗಿರುತ್ತದೆ, ಆಗಾಗ ಗಾಳಿ ಎದ್ದು ಸಮುದ್ರದ ಹುಲ್ಲಿನ ಕಂದು ಎಲೆಗಳನ್ನು ದಡಕ್ಕೆ ತಂದು ರಾಶಿ ಹಾಕುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಹೊಸದು: ಸೂಸ್‌ನ ಕರಾವಳಿಯಲ್ಲಿ ಭರತ ಇಳಿತಗಳು ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆ. ದೋಣಿ ಇಳಿಸಲು ಭರತ ನೋಡುವ ಊರಿನಲ್ಲಿ ಬೆಳೆದವಳಿಗೆ, ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ ಇರುವ ಸಮುದ್ರವನ್ನು ಕಲ್ಪಿಸಿಕೊಳ್ಳುವುದೇ ಕಷ್ಟವಾಯಿತು. ಅತ್ತೆಗೆ ಇದನ್ನು ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಹಂಗಾದ್ರ ನೀರು ನಮ್ಮನ್ನ ಎಳಕೊಂಡು ಹೋಗೂದುಲ್ಲೇನು?"

ಸುರಕ್ಷತೆಯ ಬಗ್ಗೆ ಸಂಬಂಧಿಕರೆಲ್ಲ ಕೇಳಿದರು, ಕೇಳಬೇಕಾದದ್ದೇ. 2015ರ ಮಾರ್ಚ್‌ನಲ್ಲಿ ಬಾರ್ದೊ ಸಂಗ್ರಹಾಲಯದ ಮೇಲೆ, ಅದೇ ಜೂನ್ 26ರಂದು ಸೂಸ್ ಬಳಿಯ ಕಡಲತೀರದಲ್ಲಿ ಭಯೋತ್ಪಾದಕ ದಾಳಿಗಳು ನಡೆದವು. ಕಡಲತೀರದಲ್ಲಿ 38 ಪ್ರವಾಸಿಗರು ಸತ್ತರು. ನಾವು ಹೋಗಬೇಕೆಂದಿದ್ದ ಜಾಗಗಳೇ ಇವು ಎಂಬುದನ್ನು ನಾವಿಬ್ಬರೂ ಮನೆಯವರಿಂದ ಮುಚ್ಚಿಡಲಿಲ್ಲ. ಹಲವು ದೇಶಗಳ ಸರ್ಕಾರಗಳು ತಮ್ಮ ಪ್ರಜೆಗಳಿಗೆ ಕೊಡುವ ಸೂಚನೆಗಳನ್ನು ಓದಿದೆವು. ಅಲ್ಜೀರಿಯ ಮತ್ತು ಲಿಬಿಯ ಗಡಿಗಳ ಬಳಿ, ಕಸರೀನ್ ಕಡೆಯ ಬೆಟ್ಟಗಳಲ್ಲಿ ಹೋಗಬೇಡಿ ಎಂಬುದು ಸ್ಪಷ್ಟವಾಗಿತ್ತು. ನಮ್ಮ ದಾರಿ ಅವೆಲ್ಲದರಿಂದ ದೂರದ ಕರಾವಳಿಯಲ್ಲಿತ್ತು. ಅಷ್ಟು ತಿಳಿದುಕೊಂಡು ಹೊರಡಲು ಒಪ್ಪಿದೆವು.

ಕಾಗದಪತ್ರಗಳ ವಿಷಯದಲ್ಲಿ ನನ್ನದು ಒಂದೇ ಸಲಹೆ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಯಾರೋ ಹೋಗಿಬಂದವರ ಮಾತನ್ನು ನಂಬದೆ ದೆಹಲಿಯಲ್ಲಿರುವ ಟ್ಯುನಿಷಿಯಾ ರಾಯಭಾರ ಕಚೇರಿಗೆ ಬರೆದು, ಬಂದ ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ನಾವು ಹಾಗೆಯೇ ಮಾಡಿ, ಹೋಟೆಲಿನ ಕಾಯ್ದಿರಿಸುವಿಕೆ ಮತ್ತು ವಾಪಸು ಟಿಕೆಟ್‌ಗಳ ಜೊತೆ ಒಂದೇ ಕಡತದಲ್ಲಿ ಇಟ್ಟಿದ್ದೆವು.

ಹಣದ ವ್ಯವಸ್ಥೆ ವಿಚಿತ್ರವಾಗಿದೆ. ಟ್ಯುನಿಷಿಯಾದ ದಿನಾರನ್ನು ದೇಶದೊಳಕ್ಕೆ ತರುವಂತಿಲ್ಲ, ಹೊರಕ್ಕೆ ಒಯ್ಯುವಂತೆಯೂ ಇಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಅದು ಸಿಗುವುದಿಲ್ಲ. ಯೂರೊ ಒಯ್ದು ಅಲ್ಲಿ ಬದಲಾಯಿಸಿಕೊಂಡೆವು. ಬದಲಾಯಿಸಿದಾಗ ಕೊಡುವ ಚೀಟಿಗಳನ್ನು ಕಡೆಯವರೆಗೂ ಜೋಪಾನ ಮಾಡಬೇಕು, ಏಕೆಂದರೆ ಮಿಕ್ಕ ದಿನಾರನ್ನು ಹೊರಡುವಾಗ ವಾಪಸು ಮಾಡಲು ಅವು ಬೇಕು. ನಮ್ಮ ಚೀಟಿಗಳೆಲ್ಲ ಅತ್ತೆಯ ಸಂಚಿಯಲ್ಲಿ, ಅಡಿಕೆಯ ಜೊತೆಯಲ್ಲೇ ಇದ್ದವು. ಒಂದು ದಿನಾರಿಗೆ ನೂರಲ್ಲ, ಸಾವಿರ ಮಿಲ್ಲೀಮ್‌ಗಳು. ಹೀಗಾಗಿ ಬೆಲೆಗಳನ್ನು ಬಿಂದುವಿನ ಮುಂದೆ ಮೂರು ಅಂಕಿಗಳಿಟ್ಟು ಬರೆಯುತ್ತಾರೆ. ಮೊದಲ ದಿನ ಚಹಾದಂಗಡಿಯ ಹಲಗೆಯ ಮೇಲೆ 3.500 ಎಂದು ಕಂಡ ಮಗಳು ಮೂರೂವರೆ ಸಾವಿರವೆಂದು ಓದಿ ಬೆದರಿದಳು. ಅದು ಮೂರೂವರೆ ದಿನಾರ್, ಅಂದಿನ ಲೆಕ್ಕದಲ್ಲಿ ನೂರು ರೂಪಾಯಿಗೆ ತುಸು ಕಡಿಮೆ. ಪುದೀನ ಹಾಕಿ ಕುದಿಸಿ, ಮೇಲೆ ಪೈನ್ ಮರದ ಬೀಜಗಳನ್ನು ತೇಲಿಬಿಟ್ಟ ಆ ಚಹಾಕ್ಕೆ ಅಷ್ಟು ಕೊಡಬಹುದು.

ಹೋಟೆಲಿನ ಆಯ್ಕೆಯಲ್ಲಿ ಒಂದು ತಿಂಗಳು ಹೋಯಿತು. ಸಮುದ್ರ ಕಾಣುತ್ತದೆ ಎಂಬುದೂ ಸಮುದ್ರದ ಅಂಚಿನಲ್ಲಿದೆ ಎಂಬುದೂ ಬೇರೆ ಬೇರೆ. ಕೆಲವು ಹೋಟೆಲುಗಳು ರಸ್ತೆಯ ಆಚೆ ಬದಿಯಲ್ಲಿರುತ್ತವೆ, ಅತ್ತೆ ದಿನಕ್ಕೆರಡು ಸಲ ಆ ರಸ್ತೆ ದಾಟುವುದು ಆಗದ ಮಾತು. ನಾನು ನಾಲ್ಕು ಹೋಟೆಲುಗಳಿಗೆ ಒಂದೇ ಪತ್ರ ಬರೆದೆ: ಕೋಣೆಯಿಂದ ಮರಳಿಗೆ ಎಷ್ಟು ಮೆಟ್ಟಿಲುಗಳಿವೆ? ಲಿಫ್ಟ್ ಇದೆಯೇ? ಮಾಂಸ, ಮೀನು, ಮೊಟ್ಟೆ ಇಲ್ಲದ ಊಟವನ್ನು ಕೊಡಬಲ್ಲಿರಾ? ಎರಡು ಕಡೆಯಿಂದ ಉತ್ತರ ಬರಲಿಲ್ಲ, ಒಂದು ಕಡೆಯಿಂದ ಜಾಹೀರಾತು ಬಂತು, ನಾಲ್ಕನೆಯವರು ಮೆಟ್ಟಿಲುಗಳನ್ನು ಎಣಿಸಿ ಒಂಬತ್ತು ಎಂದು ಬರೆದರು. ಅಲ್ಲಿಗೇ ಗೊತ್ತು ಮಾಡಿದೆವು, ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಸೇರಿಸಿ. ಮಧ್ಯಾಹ್ನವೂ ಅಲ್ಲೇ ಉಣ್ಣುವ ಕರಾರು ಮಾಡಿಕೊಂಡರೆ ಊರು ನೋಡಲು ಮನಸ್ಸು ಬರುವುದಿಲ್ಲ.

ಸಸ್ಯಾಹಾರಿಗಳು ತಿಳಿದಿರಬೇಕಾದ ಸಂಗತಿಯೆಂದರೆ ಟ್ಯುನಿಷಿಯಾದಲ್ಲಿ ಅಡ್ಡಿಯಾಗುವುದು ಮಾಂಸಕ್ಕಿಂತ ಹೆಚ್ಚಾಗಿ ಟ್ಯೂನಾ ಮೀನು. ಬರಿಯ ತರಕಾರಿಯ ಕೋಸಂಬರಿ ಕೇಳಿದರೂ ಮೇಲೆ ಅದರ ಚೂರುಗಳನ್ನು ಉದುರಿಸಿಯೇ ತರುತ್ತಾರೆ, ಅವರಿಗೆ ಅದೊಂದು ಅಲಂಕಾರ. ತರಕಾರಿ ಹಾಕಿದ ಕೂಸ್‌ಕೂಸ್ ಎಂಬ ರವೆಯ ಅಡುಗೆ ಎಂದರೂ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. ಫ್ರೆಂಚ್ ಬಲ್ಲ ಗೆಳತಿಯೊಬ್ಬಳು ಇದನ್ನೆಲ್ಲ ಒಂದು ಕಾರ್ಡಿನ ಮೇಲೆ ಬರೆದುಕೊಟ್ಟಳು; ಕೆಳಗೆ ಅರಬಿಯಲ್ಲೂ ಬರೆಸಿದಳು. ಆ ಕಾರ್ಡನ್ನು ನಾವು ಹಣದಷ್ಟೇ ಜಾಗ್ರತೆಯಿಂದ ಇಟ್ಟುಕೊಂಡೆವು. ಕೆಂಡದಲ್ಲಿ ಸುಟ್ಟ ಮೆಣಸಿನಕಾಯಿ, ಟೊಮೆಟೊ, ಈರುಳ್ಳಿಗಳನ್ನು ಜಜ್ಜಿ ಆಲಿವ್ ಎಣ್ಣೆ ಬೆರೆಸಿದ ಮೆಶ್ವಿಯಾ ಎಂಬ ಪದಾರ್ಥವನ್ನು ಮೀನು, ಮೊಟ್ಟೆ ಇಲ್ಲದೆ ತಂದುಕೊಟ್ಟಾಗ ಅತ್ತೆ ಬೆರಳಲ್ಲಿ ನೆಕ್ಕಿ ನೋಡಿ, "ಇದು ನಮ್ಮ ಸುಟ್ಟ ಬದನೀಕಾಯಿ ಬಜ್ಜಿ ಜಾತಿನ ಐತಿ" ಎಂದು ಇಡೀ ತಟ್ಟೆ ಮುಗಿಸಿದರು. ಹರಿಸ್ಸಾ ಎಂಬ ಕೆಂಪು ಮೆಣಸಿನ ಚಟ್ನಿ ಇರುವ ನಾಡಿನಲ್ಲಿ ಗದಗಿನವರು ಉಪವಾಸ ಬೀಳುವ ಪ್ರಶ್ನೆಯೇ ಇಲ್ಲ.

ಕಾರ್ಥೇಜ್ ದಿನ ನಾವು ಯೋಜಿಸಿದಂತೆಯೇ ನಡೆಯಿತು. ಒಂದೇ ಟಿಕೆಟ್ಟಿನಲ್ಲಿ ಅಲ್ಲಿನ ಹಲವು ತಾಣಗಳನ್ನು ನೋಡಬಹುದು, ಆದರೆ ಅವು ಇಂದಿನ ಬಂಗಲೆಗಳ ನಡುವೆ ಚದುರಿಹೋಗಿವೆ. ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಹಾಳುಗೆಡವಿ, ಮುಂದೆ ತಾವೇ ಮತ್ತೆ ಕಟ್ಟಿದ ನಗರ ಅದು. ಅತ್ತೆಗಾಗಿ ಮೂರೇ ಜಾಗಗಳನ್ನು ಆರಿಸಿದ್ದೆವು: ಬಿರ್ಸಾ ಗುಡ್ಡ, ಹಳೆಯ ಬಂದರಿನ ದುಂಡನೆಯ ಕೊಳ, ಸಮುದ್ರದ ಅಂಚಿನಲ್ಲೇ ಇರುವ ಆಂಟೊನೈನ್ ಸ್ನಾನಗೃಹಗಳು. ಮುರಿದ ಕಂಬಗಳ ನಡುವಿನಿಂದ ನೀಲಿ ನೀರು ಕಾಣುವ ಆ ಕೊನೆಯ ಜಾಗದಲ್ಲಿ ನನ್ನ ಪತಿ ಎರಡು ತಾಸು ಮೌನವಾಗಿ ನಡೆದಾಡಿದರು. ಮರುದಿನ ವಿಜಯದಶಮಿ, ಸೂಸ್‌ಗೆ ರೈಲು ಹಿಡಿಯುವ ದಿನ. ಬನ್ನಿ ಎಲೆ ಸಿಗದ ನಾಡಿನಲ್ಲಿ ಅತ್ತೆ ತಂಗಿದ್ದ ಮನೆಯ ಒಡತಿಯನ್ನು ಸನ್ನೆಯಲ್ಲೇ ಕೇಳಿ ಅಂಗಳದ ಆಲಿವ್ ಮರದಿಂದ ಒಂದು ಹಿಡಿ ಎಲೆ ತೆಗೆದುಕೊಂಡಿದ್ದರು. ಆಲಿವ್ ತೋಟಗಳ ನಡುವೆ ಓಡುತ್ತಿದ್ದ ರೈಲಿನಲ್ಲಿ ಅದನ್ನು ನಮ್ಮೆಲ್ಲರ ಕೈಗೆ ಇಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದರು.

ನಮ್ಮ ಯೋಜನೆ ಕೈಕೊಟ್ಟದ್ದು ಎಲ್ ಜೆಮ್ ದಿನ, ಮತ್ತು ತಪ್ಪು ಪೂರ್ತಿಯಾಗಿ ನನ್ನದು. ಸೂಸ್‌ನಲ್ಲಿ ಎರಡು ರೈಲು ನಿಲ್ದಾಣಗಳಿವೆ. ಟ್ಯುನಿಸ್, ಎಲ್ ಜೆಮ್ ಕಡೆಯ ದೂರದ ರೈಲುಗಳು ನಿಲ್ಲುವುದು ಒಂದರಲ್ಲಿ; ಮೊನಾಸ್ತಿರ್ ಕಡೆಯ ಸಾಹೇಲ್ ಮೆಟ್ರೊ ಹೊರಡುವುದು ಮದೀನಾದ ಗೋಡೆಯ ಬಳಿಯ ಬಾಬ್ ಜದೀದ್ ಎಂಬ ಇನ್ನೊಂದರಿಂದ. ನಾನು ಹಾಳೆಯಲ್ಲಿ ಬರಿದೆ ನಿಲ್ದಾಣ ಎಂದಷ್ಟೇ ಬರೆದುಕೊಂಡಿದ್ದೆ. ಟ್ಯಾಕ್ಸಿಯವನಿಗೂ ಅಷ್ಟೇ ಹೇಳಿದೆ, ಅವನು ಬಾಬ್ ಜದೀದ್‌ಗೆ ಕರೆತಂದ. ತಪ್ಪು ತಿಳಿಯುವಷ್ಟರಲ್ಲಿ ನಮ್ಮ ರೈಲು ಹೋಗಿತ್ತು, ದಿನಕ್ಕೆ ಆ ಕಡೆ ಇರುವುದೇ ಕೆಲವು ರೈಲುಗಳು. ಆಗ ನೆರವಿಗೆ ಬಂದದ್ದು ಲುವಾಜ್. ಚಾಲಕನನ್ನು ಬಿಟ್ಟು ಎಂಟು ಜನ ಕೂರುವ, ತುಂಬಿದೊಡನೆ ಹೊರಡುವ ಬಿಳಿಯ ವ್ಯಾನು ಅದು. ಊರಿಂದೂರಿಗೆ ದೂರ ಹೋಗುವವುಗಳಿಗೆ ಕೆಂಪು ಪಟ್ಟಿ ಇರುತ್ತದೆ. ಮುಂದಿನ ಸೀಟಿನಲ್ಲಿ ಕುಳಿತಿದ್ದ ಯುವಕ ಅತ್ತೆಯ ಸೀರೆಯನ್ನೂ ಊರುಗೋಲನ್ನೂ ಕಂಡು ಯಾರೂ ಕೇಳುವ ಮೊದಲೇ ಇಳಿದು ಹಿಂದಕ್ಕೆ ಹೋದ. ಮಗಳು ತಾನು ಕಲಿತಿದ್ದ ಅಲ್ಲಿನ ಕೃತಜ್ಞತೆಯ ಮಾತು, "ಐಶೆಕ್" ಎಂದಳು; ವ್ಯಾನಿನೊಳಗಿದ್ದವರೆಲ್ಲ ತಿರುಗಿ ನೋಡಿ ಸಂತೋಷಪಟ್ಟರು.

ಎಲ್ ಜೆಮ್‌ನ ರಂಗಮಂದಿರ ಕ್ರಿಸ್ತಶಕ 238ರ ಸುಮಾರಿನದು. ಆಗ ತಿಸ್ದ್ರುಸ್ ಎನಿಸಿಕೊಂಡಿದ್ದ ಈ ಊರು ಆಲಿವ್ ಎಣ್ಣೆಯ ವ್ಯಾಪಾರದಿಂದ ಶ್ರೀಮಂತವಾಗಿತ್ತು. ಸುಮಾರು 35,000 ಜನ ಕೂರಬಹುದಾದ ಕಟ್ಟಡವನ್ನು ಎತ್ತಿ ನಿಲ್ಲಿಸುವಷ್ಟು ಶ್ರೀಮಂತಿಕೆ. ಇಂದಿನ ಊರಿನ ತಗ್ಗು ಮನೆಗಳ ಬೀದಿಯ ತುದಿಯಲ್ಲಿ ಮೂರು ಅಂತಸ್ತಿನ ಕಮಾನುಗಳು ಥಟ್ಟನೆ ಎದುರಾಗುತ್ತವೆ, ಜೇನಿನ ಬಣ್ಣದ ಕಲ್ಲು. ಅತ್ತೆ ಕೆಳಗಿನ ಕಮಾನಿನ ನೆರಳಿನಲ್ಲಿ ಕುಳಿತರು. ನಾವು ಮೂವರು ಮೇಲೆ ಹತ್ತಿ, ಬಳಿಕ ಪ್ರಾಣಿಗಳನ್ನು ಕಟ್ಟಿಹಾಕುತ್ತಿದ್ದ ನೆಲದಡಿಯ ಓಣಿಗೆ ಇಳಿದೆವು. ಹೊರಗೆ ಬಿಸಿಲು, ಒಳಗೆ ನೆಲಮಾಳಿಗೆಯ ಕಣಜದಂಥ ತಂಪು. ಮಗಳು ಗೋಡೆಯ ಕಲ್ಲಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಳು. ಅವಳಪ್ಪನಿಂದ ಬಂದ ಅಭ್ಯಾಸ.

ಕೈರುವಾನ್‌ಗೆ ಹೋಟೆಲಿನ ಮೂಲಕ ಗೊತ್ತು ಮಾಡಿದ ಕಾರಿನಲ್ಲಿ ಹೋಗಿಬಂದೆವು. 670ರಲ್ಲಿ ಉಕ್ಬಾ ಇಬ್ನ್ ನಾಫಿ ಕಟ್ಟಿದ ಊರು. ಮಸೀದಿಯ ವಿಶಾಲವಾದ ಅಂಗಳದವರೆಗೆ ಎಲ್ಲರಿಗೂ ಪ್ರವೇಶವಿದೆ, ಪ್ರಾರ್ಥನಾ ಮಂದಿರದೊಳಗೆ ಮುಸ್ಲಿಮರಿಗೆ ಮಾತ್ರ. ತೆರೆದ ಬಾಗಿಲುಗಳಿಂದ ಒಳಗಿನ ಕಂಬಗಳು ಕಾಣುತ್ತವೆ. ಅವುಗಳಲ್ಲಿ ಹಲವು ರೋಮನ್ ಕಟ್ಟಡಗಳಿಂದ ತಂದವು, ಒಂದರ ಬೋದಿಗೆಯಂತೆ ಇನ್ನೊಂದರದಿಲ್ಲ. ರವೆಯ ಹಿಟ್ಟಿನೊಳಗೆ ಖರ್ಜೂರದ ಹೂರಣವಿಟ್ಟು ಕರಿದು ಜೇನುಪಾಕದಲ್ಲಿ ಅದ್ದಿದ ಮಕ್ರೂದ್ ಅಲ್ಲಿಯ ಸಿಹಿ. ಒಂದು ಕಿಲೊ ಕಟ್ಟಿಸಿಕೊಂಡೆವು, ಅದು ಗದಗಿನ ತನಕ ಉಳಿಯಲಿಲ್ಲ.

17ರ ಗುರುವಾರ ಬಾಬ್ ಜದೀದ್‌ನಿಂದಲೇ, ಈ ಸಲ ಸರಿಯಾದ ನಿಲ್ದಾಣದಿಂದ, ಮೊನಾಸ್ತಿರ್‌ಗೆ ಹೋಗಿ 796ರಲ್ಲಿ ಕಟ್ಟಿದ ಕಡಲತಡಿಯ ಕೋಟೆಯನ್ನು ನೋಡಿ ಮಧ್ಯಾಹ್ನಕ್ಕೆ ವಾಪಸಾದೆವು. ಕೊನೆಯ ಸಂಜೆ. ಐದು ದಿನವೂ ಒಣ ಮರಳಿನಲ್ಲೇ ಕುಳಿತು ನಮ್ಮ ಬಟ್ಟೆ ಕಾಯುತ್ತಿದ್ದ ಅತ್ತೆ ಅಂದು ಎದ್ದು, ಊರುಗೋಲಿನಿಂದ ನೀರಿನ ಅಂಚಿಗೆ ಒಂದು ಗೆರೆ ಎಳೆದು, ಅರ್ಧ ತಾಸು ಅದನ್ನೇ ನೋಡುತ್ತ ನಿಂತರು. ಸಣ್ಣ ಅಲೆಗಳು ಬಂದು ಗೆರೆಯನ್ನು ಮಸುಕಾಗಿಸಿದವೇ ಹೊರತು ನೀರು ಮುಂದೆ ಬರಲಿಲ್ಲ. "ನೀ ಹೇಳಿದ್ದು ಖರೇ ಐತಿ" ಎಂದರು. ಹೋಟೆಲಿನ ಹುಡುಗ ಬಿಳಿಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಮೊಣಕಾಲುದ್ದದ ನೀರಿನಲ್ಲಿ ಇಟ್ಟುಕೊಟ್ಟ. ಅತ್ತೆ ಸೀರೆಯ ನಿರಿಗೆಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕುಳಿತರು, ನೋಯುವ ಎರಡೂ ಮೊಣಕಾಲುಗಳು ನೀರಿನೊಳಗೆ. ಮಗಳು ಕುರ್ಚಿಯ ಸುತ್ತ ಈಜುತ್ತಿದ್ದಳು. ಕತ್ತಲಾಗಿ, ದಡದ ದೀಪಗಳು ಹತ್ತಿದ ಮೇಲೂ ಕುರ್ಚಿಯನ್ನು ಯಾರೂ ಸರಿಸಬೇಕಾಗಲಿಲ್ಲ.